ಆಮಿಷದ ಆಯ್ಕೆ: ಜನಪದ ತಿಳಿವು ಮತ್ತು ಸಂಖ್ಯಾಶಾಸ್ತ್ರದ ಒರೆಗಲ್ಲು

ಕಾಡಂಚಿನ ಜನಪದರು ಪ್ರಾಣಿಗಳ ಆಹಾರರುಚಿಯನ್ನು ಕುರಿತು ಅಪಾರ ತಿಳಿವಳಿಕೆಯುಳ್ಳವರು. ಕಾಡುಹಂದಿ ಹಲಸಿನ ವಾಸನೆಗೆ ಬರುತ್ತದೆ, ಕರಡಿ ಜೇನನ್ನೂ ಗೆದ್ದಲನ್ನೂ ಅರಸುತ್ತದೆ ಎಂಬಂತಹ ಮಾತುಗಳು ದೀರ್ಘಕಾಲದ ಅವಲೋಕನದಿಂದ ಮೂಡಿದವು. ಇವನ್ನು ಪ್ರಶ್ನಿಸದೆ ಕೊಂಡಾಡುವವರಿದ್ದಾರೆ. ಬರಿಯ ನಂಬಿಕೆಯೆಂದು ತಳ್ಳಿಹಾಕುವವರೂ ಇದ್ದಾರೆ. ಇಬ್ಬರೂ ಆ ಮಾತನ್ನು ಪರೀಕ್ಷೆಗೆ ಯೋಗ್ಯವೆಂದು ಭಾವಿಸಿಲ್ಲ. ಸಂಖ್ಯಾಶಾಸ್ತ್ರವು ಇಲ್ಲಿ ನೆರವಿಗೆ ಬರಬಲ್ಲದು.

ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಹಲಸು, ಬಾಳೆ, ಗೆಣಸುಗಳನ್ನು ಸಮಪ್ರಮಾಣದಲ್ಲಿ ಇರಿಸಿ, 60 ರಾತ್ರಿಗಳಲ್ಲಿ ಹಂದಿ ಮೊದಲು ಬಾಯಿ ಹಾಕಿದುದು ಯಾವುದಕ್ಕೆ ಎಂದು ದಾಖಲಿಸಲಾಯಿತೆನ್ನೋಣ. ಹಲಸಿಗೆ 30, ಬಾಳೆಗೆ 18, ಗೆಣಸಿಗೆ 12 ಬಂದವು. ಒಲವೇ ಇಲ್ಲವಾದರೆ ಪ್ರತಿಯೊಂದಕ್ಕೂ 20 ನಿರೀಕ್ಷಿತ. ಕಾರ್ಲ್ ಪಿಯರ್ಸನ್ 1900ರಲ್ಲಿ ರೂಪಿಸಿದ ಕೈ-ಸ್ಕ್ವೇರ್ ಪರೀಕ್ಷೆಯಲ್ಲಿ, ಪ್ರತಿ ವ್ಯತ್ಯಾಸದ ವರ್ಗವನ್ನು ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿಸಬೇಕು. ಇಲ್ಲಿ ಬರುವ ಮೊತ್ತ 8.4. ಮೂರು ಆಮಿಷಗಳಿರುವಾಗ, ಶೇಕಡಾ 5ರ ಮಟ್ಟದಲ್ಲಿ ಮಿತಿ 5.99. ಆದ್ದರಿಂದ ಈ ವ್ಯತ್ಯಾಸವನ್ನು ಕೇವಲ ಆಕಸ್ಮಿಕವೆನ್ನುವುದು ಕಷ್ಟ. ಆದರೆ ಇದೇ ಪ್ರಮಾಣ 20 ರಾತ್ರಿಗಳಲ್ಲಿ 10, 6, 4 ಎಂದು ದೊರೆತಿದ್ದರೆ ಮೊತ್ತ 2.8 ಮಾತ್ರ, ಆಗ ಒಲವಿದೆಯೆಂದು ತೀರ್ಮಾನಿಸಲು ಆಧಾರ ಸಾಲದು.

ಲೆಕ್ಕಕ್ಕಿಂತ ಮುಖ್ಯವಾದುದು ಎಣಿಕೆಯ ಕ್ರಮ. ಒಂದೇ ಹಂದಿ ನಿತ್ಯವೂ ಬಂದರೆ 60 ರಾತ್ರಿಗಳು 60 ಸಾಕ್ಷಿಗಳಾಗವು. ಅವು ಒಂದು ಹಂದಿಯ ರೂಢಿಯನ್ನಷ್ಟೇ ಹೇಳುತ್ತವೆ. ಆಮಿಷಗಳ ಸ್ಥಾನವನ್ನು ಬದಲಿಸದಿದ್ದರೆ ರುಚಿಯ ಬದಲು ದಾರಿಯ ಅನುಕೂಲವನ್ನೇ ಅಳೆದಂತಾಗುತ್ತದೆ. ಸುತ್ತಲಿನ ಕಾಡಿನಲ್ಲಿ ಹಲಸು ಹಣ್ಣಾಗಿರುವ ಕಾಲದ ಫಲಿತಾಂಶ ಬೇರೆ ಕಾಲಕ್ಕೆ ಅನ್ವಯಿಸಬೇಕಿಲ್ಲ.

ಲಭ್ಯತೆಯೊಡನೆ ಆಯ್ಕೆಯನ್ನು ಹೋಲಿಸುವ ಈ ತತ್ತ್ವಕ್ಕೆ, ಆಮಿಷದ ಬದಲು ಸಹಜ ಬೇಟೆಯನ್ನು ಕುರಿತದ್ದಾದರೂ, ನಾಗರಹೊಳೆಯಲ್ಲಿ ಉತ್ತಮ ಮಾದರಿಯಿದೆ. ಕೆ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನವು ಹುಲಿ, ಚಿರತೆ, ಕಾಡುನಾಯಿಗಳ ಮಲ ಹಾಗೂ ಅವು ಕೊಂದ ಪ್ರಾಣಿಗಳ ಅವಶೇಷಗಳನ್ನು ಪರಿಶೀಲಿಸಿ, ಕಾಡಿನಲ್ಲಿದ್ದ ಬೇಟೆಪ್ರಾಣಿಗಳ ಪ್ರಮಾಣದೊಡನೆ ಹೋಲಿಸಿತು. ಹುಲಿ 176 ಕಿಲೋಗ್ರಾಂಗಿಂತ ಹೆಚ್ಚು ತೂಕದ ಪ್ರಾಣಿಗಳನ್ನು, ಅದರಲ್ಲಿಯೂ ಕಾಟಿಯನ್ನು, ಆಯ್ದುಕೊಳ್ಳುತ್ತಿತ್ತು. ಚಿರತೆ ಮತ್ತು ಕಾಡುನಾಯಿಗಳ ಒಲವು 30ರಿಂದ 175 ಕಿಲೋಗ್ರಾಂ ತೂಕದ ಪ್ರಾಣಿಗಳತ್ತ ಇತ್ತು. ಹೆಚ್ಚು ತಿಂದುದೆಲ್ಲ ಹೆಚ್ಚು ಇಷ್ಟವಾದುದಲ್ಲ; ಹೆಚ್ಚು ದೊರೆತುದೂ ಆಗಿರಬಹುದು. ಈ ಭೇದವನ್ನು ಹೋಲಿಕೆಯಿಂದಲ್ಲದೆ ತಿಳಿಯಲಾಗದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆಮಿಷ ಒಡ್ಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಆದಕಾರಣ ಇಂತಹ ಪ್ರಯೋಗವನ್ನು ಅನುಮತಿಯಿಲ್ಲದೆ ಕೈಗೊಳ್ಳುವಂತಿಲ್ಲ. ಬೇಟೆಯ ರೂಢಿ ನಿಂತಂತೆ ಅದರೊಡನಿದ್ದ ತಿಳಿವೂ ಹಿರಿಯರ ನೆನಪಿಗೆ ಸೀಮಿತವಾಗುತ್ತಿದೆ. ಕ್ಷೇತ್ರಕಾರ್ಯದಲ್ಲಿ ‘ಹಂದಿ ಏನು ತಿನ್ನುತ್ತದೆ’ ಎಂದು ಕೇಳಿ ಬರೆದುಕೊಂಡರೆ ಸಾಲದು; ಯಾವ ತಿಂಗಳು, ಯಾವ ಜಾಗ, ಎಷ್ಟು ಸಲ ಕಂಡದ್ದು, ಬಾರದಿದ್ದ ದಿನಗಳೆಷ್ಟು ಎಂಬುದನ್ನೂ ಕೇಳಬೇಕು. ಆಗ ಮಾತ್ರ ಜನಪದರ ಮಾತು ಪರೀಕ್ಷಿಸಬಹುದಾದ ಜ್ಞಾನವಾಗಿ ಮುಂದಿನವರಿಗೆ ಉಳಿಯುತ್ತದೆ.