ಮಂಡಿಯ ಮೆತ್ತೆ, ರೇಷ್ಮೆಯ ಶಾಯಿ

ದೆಹಲಿಯ ಹೌಜ್ ಖಾಸ್‌ನಲ್ಲಿರುವ ಐಐಟಿಯಲ್ಲಿ ಮಂಡಿಯ ಮೆತ್ತೆಯಾದ ಮೃದ್ವಸ್ಥಿಯನ್ನು ಬೆಳೆಸಲು ಹೊರಟವರು ಮೂಳೆ ವೈದ್ಯರಲ್ಲ, ಜವಳಿ ವಿಭಾಗದವರು. ಪ್ರೊ. ಸೌರಭ್ ಘೋಷ್ ಅವರ ಪ್ರಯೋಗಾಲಯದಲ್ಲಿ ರೇಷ್ಮೆಯ ಪ್ರೋಟೀನಿಗೆ ಜೆಲಾಟಿನ್ ಬೆರೆಸಿ, ಜೀವಕೋಶ ಸೇರಿಸಿ, ಆ ಶಾಯಿಯನ್ನು ತ್ರೀಡಿ ಪ್ರಿಂಟರಿನಲ್ಲಿ ಎಳೆ ಎಳೆಯಾಗಿ ಹಾಸುತ್ತಾರೆ. ರಾಮನಗರದ ಮಾರುಕಟ್ಟೆಗೆ ಗೂಡು ತರುವ ನಮ್ಮ ರೈತರು ಕೇಳಿದರೆ ನಕ್ಕಾರು.

ಮೃದ್ವಸ್ಥಿ ಒಮ್ಮೆ ಹಾಳಾದರೆ ಮತ್ತೆ ಕೂಡಿಕೊಳ್ಳದು ಎಂದು ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಅದರೊಳಗೆ ರಕ್ತನಾಳವಿಲ್ಲ, ನರವಿಲ್ಲ. ಹೊಸದಾಗಿ ಬೆಳೆಸೋಣವೆಂದರೆ ಇನ್ನೊಂದು ತೊಡಕು: ಪ್ರಯೋಗಾಲಯದ ತುಂಡು ಮೃದ್ವಸ್ಥಿಯಾಗಿಯೇ ಉಳಿಯದೆ ಮೂಳೆಯ ದಾರಿ ಹಿಡಿಯುತ್ತದೆ.

ಹಾಗಾದರೆ ಹುಟ್ಟುವ ಮುನ್ನ ಮೈಯೊಳಗಿನ ಮೃದ್ವಸ್ಥಿ ಮೂಳೆಯಾಗದೆ ಉಳಿದದ್ದು ಹೇಗೆ? 1966ರಲ್ಲಿ ಡ್ರಾಕ್ಮನ್ ಮತ್ತು ಸೊಕೊಲಾಫ್ ಎಂಬ ಅಮೆರಿಕದ ವಿಜ್ಞಾನಿಗಳು ಮೊಟ್ಟೆಯೊಳಗಿನ ಕೋಳಿಮರಿಯ ಸ್ನಾಯುಗಳನ್ನು ಔಷಧಿಯಿಂದ ಸ್ತಬ್ಧಗೊಳಿಸಿ ನೋಡಿದರು. ಕಾಲಾಡಿಸದ ಮರಿಗೆ ಕೀಲುಗಳೇ ಸರಿಯಾಗಿ ಮೂಡಲಿಲ್ಲ. ಒಳಗೆ ನಡೆದದ್ದೇನೆಂದು ತೋರಿಸಿದವರಲ್ಲಿ ಕಾನ್ಪುರ ಐಐಟಿಯ ಅಮಿತಾಭ ಬಂದೋಪಾಧ್ಯಾಯ ಒಬ್ಬರು. ಡಬ್ಲಿನ್ನಿನವರೊಡನೆ ಸೇರಿ ಅವರ ತಂಡ 2018ರಲ್ಲಿ ಪ್ರಕಟಿಸಿದಂತೆ, ಭ್ರೂಣದ ಅಲುಗಾಟ ನಿಂತರೆ ಬಿಎಂಪಿ ಎಂಬ ರಾಸಾಯನಿಕ ಸಂಕೇತ ತನ್ನ ಗಡಿ ದಾಟಿ ಕೀಲಿನ ಜಾಗಕ್ಕೂ ನುಗ್ಗುತ್ತದೆ. ಮೃದ್ವಸ್ಥಿಯಾಗಿ ಉಳಿಯಬೇಕಿದ್ದ ಕೋಶಗಳು ಮೂಳೆಯತ್ತ ಹೊರಳುತ್ತವೆ. ರೇಷ್ಮೆ ಶಾಯಿಯನ್ನು 2017ರಲ್ಲಿ ಘೋಷ್ ಅವರೊಡನೆ ಪರೀಕ್ಷಿಸಿದವರೂ ಇವರೇ.

ಹುಟ್ಟಿದ ಮೇಲೂ ಅದೇ ಕಥೆ. ಅಮೆರಿಕದ ಎಂಐಟಿಯಲ್ಲಿ ಸಾ, ಗ್ರಾಡ್ಜಿನ್‌ಸ್ಕಿ ಮೊದಲಾದವರು 1989ರಲ್ಲಿ ಕರುವಿನ ಮೃದ್ವಸ್ಥಿಯ ಬಿಲ್ಲೆಗಳನ್ನು ಒತ್ತಿ ನೋಡಿದರು. ಒತ್ತಿ ಹಿಡಿದರೆ ಕೋಶಗಳು ಮಾಡುವ ಮೃದ್ವಸ್ಥಿ ದ್ರವ್ಯದ ಉತ್ಪಾದನೆ ಕುಗ್ಗಿತು; ಒತ್ತಿ, ಬಿಟ್ಟು, ಮತ್ತೆ ಒತ್ತಿದರೆ ಹೆಚ್ಚಿತು. ಮೃದ್ವಸ್ಥಿಯ ಮುಕ್ಕಾಲು ಭಾಗ ನೀರು. ಭಾರ ಬಿದ್ದಾಗ ಅದು ಸರಿಯುತ್ತದೆ, ಕೋಶ ಅದುಮಿಕೊಳ್ಳುತ್ತದೆ, ಪೊರೆಯ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಹದವಾದ ಒತ್ತಡಕ್ಕೆ ಟಿಆರ್‌ಪಿವಿ4 ಎಂಬ ಬಾಗಿಲು, ಪೆಟ್ಟಿನಂಥ ಒತ್ತಡಕ್ಕೆ ಪಿಯೆಜೊ. ಈ ಪಿಯೆಜೊ ಪತ್ತೆಹಚ್ಚಿದ ಆರ್ಡೆಮ್ ಪಟಪೂಟಿಯನ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ‘ಮಂಡಿ ಸವೆದಿದೆ, ಓಡಾಡಬೇಡಿ’ ಎನ್ನುವ ನೆಂಟರಿಗೆ ಇದನ್ನೆಲ್ಲ ಯಾರು ಹೇಳಬೇಕು!

ಹಾಗೆಂದು ಭಾರವೇನೂ ಸಣ್ಣದಲ್ಲ. ಸಪಾಟು ನೆಲದಲ್ಲಿ ನಡೆದರೇ ಮಂಡಿಯ ಮೇಲೆ ದೇಹತೂಕದ ಎರಡೂವರೆ ಪಟ್ಟು ಬೀಳುತ್ತದೆ. ನೆಲದಡಿಯ ಹೌಜ್ ಖಾಸ್ ಮೆಟ್ರೊ ನಿಲ್ದಾಣಕ್ಕೆ ಮೆಟ್ಟಿಲಿಳಿದು ಹೋಗುವವರಿಗೆ ಅದು ಮೂರು ಪಟ್ಟು ಮೀರುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಜತನದಿಂದ ಬೆಳೆಸಿದ ತುಂಡನ್ನು ಇಂಥ ಮಂಡಿಯೊಳಗೆ ಕೂರಿಸಬೇಕೆಂದರೆ, ಒತ್ತಿ ಬಿಡುವ ಸಾಧಕ ತಟ್ಟೆಯಲ್ಲೇ ಶುರುವಾಗಬೇಕು. ಎಷ್ಟು ಒತ್ತಬೇಕು, ಬೆಳವಣಿಗೆಯ ಯಾವ ಹಂತದಿಂದ ಒತ್ತಬೇಕು ಎಂಬುದರಲ್ಲೇ ಕಷ್ಟವಿರುವುದು.