ಸುನ್ನತಿಯಿಂದ ಸಿಕ್ಕ ಅರ್ಧ ರಕ್ಷಣೆ

1980ರ ದಶಕದಲ್ಲಿ ಆಫ್ರಿಕಾದಲ್ಲಿ ಎಚ್‌ಐವಿ ಹರಡುತ್ತಿದ್ದ ರೀತಿ ವೈದ್ಯರಿಗೆ ಒಗಟಾಗಿತ್ತು. ಖಂಡದ ಪಶ್ಚಿಮ ಭಾಗದ ಹಲವೆಡೆ ಸೋಂಕು ಕಡಿಮೆ, ಪೂರ್ವ ಮತ್ತು ದಕ್ಷಿಣದಲ್ಲಿ ವಿಪರೀತ. ಬಡತನ, ಗುಳೆ, ಲೈಂಗಿಕ ವೃತ್ತಿ ಎರಡೂ ಕಡೆ ಇದ್ದವು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸ್ಟೀಫನ್ ಮೋಸೆಸ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೋಂಕಿನ ಪ್ರಮಾಣವನ್ನು ಗಂಡಸರ ಸುನ್ನತಿಯ ರೂಢಿಯೊಂದಿಗೆ ಹೋಲಿಸಿ ನೋಡಿದರು. ಸುನ್ನತಿ ಮಾಡಿಸದ ಸಮುದಾಯಗಳಿದ್ದ ಕಡೆಯೇ ಎಚ್‌ಐವಿ ಹೆಚ್ಚಿತ್ತು.

ಗಂಡಸರ ಸುನ್ನತಿ ಎಂದರೆ ಶಿಶ್ನದ ತುದಿಯನ್ನು ಮುಚ್ಚುವ ಮುಂದೊಗಲನ್ನು ತೆಗೆಯುವುದು. ಕೆಲವೆಡೆ ಹೆಣ್ಣುಮಕ್ಕಳ ಜನನಾಂಗವನ್ನು ಕತ್ತರಿಸುವ ಕ್ರೂರ ಪದ್ಧತಿಯನ್ನು ಇದರ ಜೊತೆ ಸೇರಿಸಿ ಮಾತಾಡಲೇಬಾರದು. ಅದರಿಂದ ಆಗುವುದು ಹಾನಿ ಮಾತ್ರ.

ಸುನ್ನತಿಗೂ ಸೋಂಕಿಗೂ ನಂಟು ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಸುನ್ನತಿ ಇರುವ ಸಮುದಾಯಗಳ ಕಟ್ಟುಪಾಡು, ಮದ್ಯದಿಂದ ದೂರವಿರುವುದು ಇತ್ಯಾದಿಯೂ ಕಾರಣವಾಗಿರಬಹುದಲ್ಲ? ಈ ಅನುಮಾನಕ್ಕೆ ಒಂದು ಒಳ್ಳೆಯ ಉತ್ತರ ಸಿಕ್ಕಿದ್ದು ನಮ್ಮ ನೆರೆಯ ಪುಣೆಯಿಂದ. ಅಲ್ಲಿನ ಲೈಂಗಿಕ ರೋಗಗಳ ಚಿಕಿತ್ಸಾಲಯಗಳಿಗೆ ಬರುತ್ತಿದ್ದ ಗಂಡಸರ ಕುರಿತ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಸುನ್ನತಿಯಾದವರಲ್ಲಿ ಎಚ್‌ಐವಿ ಬಹಳ ಕಡಿಮೆಯಿತ್ತು. ಸಿಫಿಲಿಸ್, ಗೊನೊರಿಯಾಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ನಡತೆಯೇ ಕಾರಣವಾಗಿದ್ದರೆ ಆ ರೋಗಗಳೂ ಕಡಿಮೆಯಾಗಬೇಕಿತ್ತು. ಅಂದರೆ ಕಾರಣ ಚರ್ಮದಲ್ಲೇ ಇದೆ.

ಮುಂದೊಗಲಿನ ಹೊರಮೈ ಸಾಧಾರಣ ಚರ್ಮ. ಒಳಮೈ ನಮ್ಮ ತುಟಿಯ ಒಳಭಾಗದ ಹಾಗೆ ಮೆತ್ತಗೆ, ಒದ್ದೆಯಾಗಿ ಇರುತ್ತದೆ. ಸಂಭೋಗದ ವೇಳೆ ಮುಂದೊಗಲು ಹಿಂದೆ ಸರಿದಾಗ ಈ ಒಳಮೈ ಪೂರ್ತಿ ತೆರೆದುಕೊಳ್ಳುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಿಯುವುದೂ ಉಂಟು. ಎಚ್‌ಐವಿ ಹಿಡಿದು ಒಳಸೇರುವ ರೋಗನಿರೋಧಕ ಕೋಶಗಳು ಇಲ್ಲಿ ಮೇಲ್ಪದರದಲ್ಲೇ ಇರುತ್ತವೆ. ಜೊತೆಗೆ ಗಾಳಿಯಾಡದ ಆ ಸಂದಿಯಲ್ಲಿ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಬೆಳೆದು ಉರಿಯೂತ ಉಂಟುಮಾಡುತ್ತವೆ. ಉರಿಯೂತವಾದ ಕಡೆಗೆ ಅದೇ ಕೋಶಗಳು ಇನ್ನಷ್ಟು ಧಾವಿಸುತ್ತವೆ. ವೈರಾಣುವಿಗೆ ಬೇಕಾಗಿರುವುದೂ ಅದೇ.

ಇಷ್ಟಾದರೂ ಕೊನೆಯ ಮಾತು ಪ್ರಯೋಗದ್ದೇ ಆಗಬೇಕಿತ್ತು. ಜೋಹಾನ್ಸ್‌ಬರ್ಗ್‌ನ ದಕ್ಷಿಣಕ್ಕಿರುವ ಆರೆಂಜ್ ಫಾರ್ಮ್‌ನಲ್ಲಿ ಬರ್ಟ್ರಾನ್ ಓವೆರ್ ತಂಡ 18ರಿಂದ 24 ವಯಸ್ಸಿನ 3,274 ಯುವಕರನ್ನು ಅದೃಷ್ಟದ ಚೀಟಿಯಂತೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಕೂಡಲೇ ಸುನ್ನತಿ, ಇನ್ನೊಂದಕ್ಕೆ 21 ತಿಂಗಳ ಬಳಿಕ. ಸ್ಥಳೀಯ ವೈದ್ಯರು ತಮ್ಮ ಕ್ಲಿನಿಕ್ಕಿನಲ್ಲೇ ಆ ಭಾಗವನ್ನಷ್ಟೇ ಮರಗಟ್ಟಿಸಿ, ಮುಂದೊಗಲನ್ನು ಮುಂದಕ್ಕೆಳೆದು ಚಿಮಟದಲ್ಲಿ ಹಿಡಿದು ಕತ್ತರಿಸಿ, ರಕ್ತ ನಿಲ್ಲಿಸಿ ಹೊಲಿಗೆ ಹಾಕುತ್ತಿದ್ದರು. ಅವಧಿ ಮುಗಿಯುವ ಮೊದಲೇ ಲೆಕ್ಕ ನೋಡಿದಾಗ ಸುನ್ನತಿಯಾದ ಗುಂಪಿನಲ್ಲಿ 20 ಮಂದಿಗೆ, ಆಗದ ಗುಂಪಿನಲ್ಲಿ 49 ಮಂದಿಗೆ ಹೊಸದಾಗಿ ಎಚ್‌ಐವಿ ತಗುಲಿತ್ತು. ಹೀಗೆ ಗೊತ್ತಾದ ಮೇಲೂ ಎರಡನೆಯ ಗುಂಪನ್ನು ಕಾಯಿಸುವುದು ತಪ್ಪೆಂದು ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ಇಂಥದೇ ಇನ್ನೆರಡು ಪ್ರಯೋಗಗಳಲ್ಲೂ ಲೆಕ್ಕ ಹೀಗೇ ಬಂತು: ಕೀನ್ಯಾದ ಕಿಸುಮುವಿನಲ್ಲಿ 22ಕ್ಕೆ 47, ಉಗಾಂಡಾದ ರಾಕಾಯಿಯಲ್ಲಿ 22ಕ್ಕೆ 45. ಈ ಎರಡೂ ಪ್ರಯೋಗಗಳು 2006ರ ಡಿಸೆಂಬರಿನಲ್ಲಿ ಅದೇ ಕಾರಣಕ್ಕೆ ನಿಂತವು. ಬೇರೆ ಬೇರೆ ಮೂರು ಊರು, ಬೇರೆ ಬೇರೆ ತಂಡ, ಉತ್ತರ ಹೆಚ್ಚುಕಡಿಮೆ ಒಂದೇ: ಗಂಡಸಿಗೆ ಹೆಣ್ಣಿನಿಂದ ತಗುಲುವ ಅಪಾಯ ಅರ್ಧಕ್ಕಿಂತ ತುಸು ಹೆಚ್ಚೇ ತಗ್ಗಿತ್ತು.

ಈ ‘ಅರ್ಧ’ವನ್ನು ಬಿಡಿಸಿ ನೋಡಬೇಕು. ಕಿಸುಮುವಿನಲ್ಲಿ ಎರಡು ವರ್ಷದಲ್ಲಿ ಸುನ್ನತಿಯಾಗದ ನೂರರಲ್ಲಿ ಸುಮಾರು ನಾಲ್ವರಿಗೆ, ಆದ ನೂರರಲ್ಲಿ ಇಬ್ಬರಿಗೆ ಸೋಂಕು ತಗುಲಿತು. ಸೋಂಕು ಮನೆಮನೆಯಲ್ಲಿರುವ ನಾಡಿನಲ್ಲಿ ಇದು ಲಕ್ಷಾಂತರ ಜೀವದ ಪ್ರಶ್ನೆ. ಸೋಂಕು ವಿರಳವಾಗಿರುವ ಕಡೆ ಅದೇ ಶಸ್ತ್ರಚಿಕಿತ್ಸೆಯಿಂದ ಸಿಗುವ ಲಾಭ ಬಹಳ ಸಣ್ಣದು.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದನ್ನು ಶಿಫಾರಸು ಮಾಡಿದ್ದೂ ಎಚ್‌ಐವಿ ವ್ಯಾಪಕವಾಗಿದ್ದು ಸುನ್ನತಿ ವಿರಳವಾಗಿರುವ ದೇಶಗಳಿಗೇ. ಕಿಸುಮು ಸುತ್ತಲಿನ ಲುವೊ ಜನರಲ್ಲಿ ಸುನ್ನತಿಯ ಪದ್ಧತಿ ಇರಲಿಲ್ಲ. ಪ್ರಾಯಕ್ಕೆ ಬಂದವರ ಕೆಳಸಾಲಿನ ಆರು ಮುಂಹಲ್ಲು ಕೀಳುವುದು ಅವರ ಹಳೆಯ ಸಂಸ್ಕಾರ. ಅಂಥವರನ್ನು ಆಸ್ಪತ್ರೆಗೆ ಕರೆತರಲು ಅದೇ ಸಮುದಾಯದ, ಆಗ ಪ್ರಧಾನಿಯಾಗಿದ್ದ ರೈಲಾ ಒಡಿಂಗಾ ಬಹಿರಂಗವಾಗಿ ಬೆಂಬಲಕ್ಕೆ ನಿಂತರು. 2008ರಿಂದ 2019ರ ಕೊನೆಯವರೆಗೆ 15 ದೇಶಗಳಲ್ಲಿ ಸುಮಾರು 2.7 ಕೋಟಿ ಗಂಡಸರು ಸುನ್ನತಿ ಮಾಡಿಸಿಕೊಂಡರು.

ನನ್ನನ್ನು ಕಾಡುವುದು ರಾಕಾಯಿಯ ಇನ್ನೊಂದು ಪ್ರಯೋಗ. ಈಗಾಗಲೇ ಎಚ್‌ಐವಿ ಇದ್ದ ಗಂಡಸರಿಗೆ ಸುನ್ನತಿ ಮಾಡಿದರೆ ಹೆಂಡತಿಗೆ ರಕ್ಷಣೆ ಸಿಗುವುದೇ ಎಂದು ಅಲ್ಲಿ ನೋಡಿದ್ದರು. ಸಿಗಲಿಲ್ಲ. ಸುನ್ನತಿಯಾದವರ 92 ಸಂಗಾತಿಗಳಲ್ಲಿ 17 ಹೆಂಗಸರಿಗೆ, ಆಗದವರ 67 ಸಂಗಾತಿಗಳಲ್ಲಿ 8 ಹೆಂಗಸರಿಗೆ ಸೋಂಕು ತಗುಲಿತು. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಆದರೆ ಗಾಯ ಮಾಯುವ ಮೊದಲೇ ಕೂಡಿದವರಿಂದ ಅಪಾಯ ಹೆಚ್ಚೆಂಬ ಸೂಚನೆ ಅದರಲ್ಲಿತ್ತು. ಹಾಗಾಗಿ ಆರು ವಾರ ಕಾಯಬೇಕು, ಆಮೇಲೂ ಕಾಂಡೋಮ್ ಬಿಡಕೂಡದು ಎಂದು ವೈದ್ಯರು ಒತ್ತಿ ಹೇಳುತ್ತಾರೆ. ಗಂಡಸರಲ್ಲಿ ಸೋಂಕು ಇಳಿದಂತೆ ಹೆಂಗಸರಿಗೂ ಲಾಭವಿದೆ. ಆದರೆ ಅದು ನಿಧಾನವಾಗಿ, ಸುತ್ತುಬಳಸಿ ತಲುಪುವ ಲಾಭ.

ಅದೇ ಸ್ಟೀಫನ್ ಮೋಸೆಸ್ ಮುಂದೆ ಕರ್ನಾಟಕದಲ್ಲೂ ಕೆಲಸ ಮಾಡಿದರು. ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯದ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಸೇರಿ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಕಟ್ಟಿದವು. ಇಲ್ಲಿ ಹಿಡಿದ ದಾರಿ ಸುನ್ನತಿಯದಲ್ಲ. ಬೆಳಗಾವಿ, ಬಾಗಲಕೋಟೆಗಳಂಥ ಜಿಲ್ಲೆಗಳಲ್ಲಿ ಲೈಂಗಿಕ ವೃತ್ತಿಯ ಹೆಂಗಸರು ಸಂಘ ಕಟ್ಟಿಕೊಂಡು, ಕಾಂಡೋಮ್ ಹಂಚುತ್ತ, ಗುಪ್ತರೋಗಗಳಿಗೆ ಕಾಲಕಾಲಕ್ಕೆ ಚಿಕಿತ್ಸೆ ಪಡೆಯುತ್ತ ಸೋಂಕಿನ ದಾರಿಯನ್ನೇ ಕಟ್ಟತೊಡಗಿದರು.