ಗಣಕಯಂತ್ರಕ್ಕೆ ಎರಡನೆಯ ಸಿ.ಡಿ. ಡ್ರೈವ್: ತೊಡಕುಗಳು ಹಾಗೂ ಪರಿಹಾರ

ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಅದರ ಸ್ಥಾನವನ್ನು ಪಡೆಯಿತು. ಈ ನಡುವಿನ ವರ್ಷಗಳ ಕಿರ್ದಿ-ಖಾತೆಗಳನ್ನು ಸಿ.ಡಿ.ಗಳಲ್ಲಿ ಬರೆಯಿಸಿ ಕಪಾಟಿನಲ್ಲಿ ಇರಿಸಿದ ವ್ಯಾಪಾರಸ್ಥರು ನಮ್ಮ ಭಾಗದಲ್ಲಿಯೂ ಇದ್ದಾರೆ. ಪಾಲುದಾರಿಕೆಯ ಹಂಚಿಕೆ, ಹಳೆಯ ಬಾಕಿಯ ತಕರಾರು ಮೊದಲಾದ ಸಂದರ್ಭಗಳಲ್ಲಿ ಆ ಸಿ.ಡಿ.ಗಳು ಪುನಃ ಬೇಕಾಗುತ್ತವೆ. ಆದರೆ ಅಂಗಡಿಯ ಹಳೆಯ ಡ್ರೈವ್ ಅವುಗಳನ್ನು ಓದಲಾರದೆ ಹೋಗಬಹುದು. ಧೂಳು ಕುಳಿತು, ಕಿರಣ ಕ್ಷೀಣಿಸಿದ ಡ್ರೈವ್ ಓದಲಾರದ ಸಿ.ಡಿ.ಯನ್ನು ಬೇರೊಂದು ಡ್ರೈವ್ ಅನೇಕ ವೇಳೆ ಸರಾಗವಾಗಿ ಓದುತ್ತದೆ. ಅಂದಿನ ಲೆಕ್ಕಪತ್ರದ ತಂತ್ರಾಂಶ ಹಳೆಯ ಯಂತ್ರದಲ್ಲಿಯೇ ಇರುವುದರಿಂದ ಅದಕ್ಕೇ ಎರಡನೆಯ ಡ್ರೈವ್ ಜೋಡಿಸುವ ಪ್ರಸಂಗ ಬರುತ್ತದೆ.

ಜೋಡಿಸಿದ ಕೂಡಲೇ ಎರಡೂ ಡ್ರೈವ್‌ಗಳು ಕಾಣದಂತಾದರೆ ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಸಾಮಾನ್ಯವಾಗಿ ಇದು ಎರಡು ಡ್ರೈವ್‌ಗಳ ನಡುವಿನ ಘರ್ಷಣೆಯಷ್ಟೇ. ಕೆಳಗಿನ ಕ್ರಮದಲ್ಲಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತ ಪರೀಕ್ಷಿಸಬೇಕು. ಪ್ರತಿ ಸಲವೂ ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿದ ನಂತರವೇ ಒಳಗೆ ಕೈಹಾಕಬೇಕು.

ಮೊದಲನೆಯದು ವಿದ್ಯುತ್. ಗುಂಡಿ ಒತ್ತಿದಾಗ ಡ್ರೈವಿನ ತಟ್ಟೆ ಹೊರಬಾರದಿದ್ದರೆ ವಿದ್ಯುತ್ ಜೋಡಣೆ ಸಡಿಲವಾಗಿದೆಯೇ ಎಂದು ನೋಡಬೇಕು.

ಎರಡನೆಯದು ಜಂಪರ್. ಹಳೆಯ ಯಂತ್ರಗಳ ಐ.ಡಿ.ಇ. ವ್ಯವಸ್ಥೆಯಲ್ಲಿ ಒಂದು ಪಟ್ಟಿ ಕೇಬಲ್‌ಗೆ ಎರಡು ಸಾಧನಗಳನ್ನು ಜೋಡಿಸಬಹುದು. ಆದರೆ ಅವುಗಳಲ್ಲಿ ಒಂದು 'ಮಾಸ್ಟರ್', ಇನ್ನೊಂದು 'ಸ್ಲೇವ್' ಆಗಿರಲೇಬೇಕು. ಎರಡೂ ಮಾಸ್ಟರ್ ಆದರೆ ಒಂದೇ ಗಾದಿಗೆ ಇಬ್ಬರು ಯಜಮಾನರು ಕುಳಿತಂತೆ, ಕೆಲಸ ನಿಲ್ಲುತ್ತದೆ. ಡ್ರೈವಿನ ಹಿಂಬದಿಯಲ್ಲಿರುವ ಚಿಕ್ಕ ಜಂಪರನ್ನು ಅಲ್ಲಿನ ಗುರುತಿನಂತೆ ಬದಲಿಸಬೇಕು. 'ಕೇಬಲ್ ಸೆಲೆಕ್ಟ್' ಆರಿಸಿದಲ್ಲಿ ಎರಡೂ ಡ್ರೈವ್‌ಗಳಿಗೆ ಅದನ್ನೇ ಇಡಬೇಕು. 80 ಎಳೆಗಳ ಕೇಬಲ್‌ನಲ್ಲಿ ತುದಿಯ ಕಪ್ಪು ಜೋಡಣೆ ಮಾಸ್ಟರ್, ನಡುವಿನ ಬೂದು ಜೋಡಣೆ ಸ್ಲೇವ್, ನೀಲಿಯದು ಮದರ್‌ಬೋರ್ಡಿಗೆ.

ಮೂರನೆಯದು ಕೇಬಲ್. ಅದರ ಅಂಚಿನ ಬಣ್ಣದ ಗೆರೆ ಮೊದಲ ಪಿನ್ನಿನ ಕಡೆಗಿರಬೇಕು. ಸಾಟಾ ಮಾದರಿಯ ಡ್ರೈವ್‌ಗಳಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಕೇಬಲ್ ಇರುವುದರಿಂದ ಮಾಸ್ಟರ್-ಸ್ಲೇವ್ ಪ್ರಶ್ನೆಯೇ ಇಲ್ಲ. ಆ ಪೋರ್ಟ್ ಬಯಾಸ್‌ನಲ್ಲಿ ಸಕ್ರಿಯವಾಗಿದೆಯೇ ಎಂದಷ್ಟೇ ನೋಡಬೇಕು.

ನಾಲ್ಕನೆಯದು ಬಯಾಸ್. ಯಂತ್ರ ಆರಂಭವಾಗುವಾಗ ಬಯಾಸ್ ಪರದೆಯಲ್ಲಿ ಎರಡೂ ಡ್ರೈವ್‌ಗಳ ಹೆಸರು ಕಾಣಬೇಕು. ಇಲ್ಲಿ ಕಾಣದಿದ್ದರೆ ದೋಷ ಜೋಡಣೆಯಲ್ಲಿದೆ ಅಥವಾ ಡ್ರೈವಿನಲ್ಲಿಯೇ ಇದೆ. ಇಲ್ಲಿ ಕಂಡು ವಿಂಡೋಸ್‌ನಲ್ಲಿ ಕಾಣದಿದ್ದರೆ ದೋಷ ತಂತ್ರಾಂಶದಲ್ಲಿದೆ. ಈ ಒಂದು ಪರೀಕ್ಷೆ ಅರ್ಧ ದಿನದ ಶ್ರಮವನ್ನು ಉಳಿಸುತ್ತದೆ.

ಐದನೆಯದು ವಿಂಡೋಸ್. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಂಡರೆ ಆ ಡ್ರೈವಿನ ನಮೂದನ್ನು ತೆಗೆದುಹಾಕಿ ಯಂತ್ರವನ್ನು ಪುನಃ ಆರಂಭಿಸಬೇಕು. ಸಿ.ಡಿ. ಬರೆಯುವ ಹಳೆಯ ತಂತ್ರಾಂಶಗಳು ರಿಜಿಸ್ಟ್ರಿಯಲ್ಲಿ ಬಿಟ್ಟುಹೋದ 'ಅಪ್ಪರ್ ಫಿಲ್ಟರ್ಸ್', 'ಲೋಯರ್ ಫಿಲ್ಟರ್ಸ್' ನಮೂದುಗಳೂ ಅಡ್ಡಿಯಾಗುವುದುಂಟು. ಅವುಗಳನ್ನು ತಿಳಿದವರಿಂದಲೇ, ರಿಜಿಸ್ಟ್ರಿಯ ಪ್ರತಿ ಇಟ್ಟುಕೊಂಡು ತೆಗೆಸಬೇಕು. ಹೊಸ ಡ್ರೈವಿಗೆ ದೊರೆತ 'ಇ' ಎಂಬ ಅಕ್ಷರವೇ ನೆಟ್‌ವರ್ಕ್ ಫೋಲ್ಡರಿಗೂ ಇದ್ದಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಬೇರೆ ಅಕ್ಷರ ಕೊಟ್ಟರೆ ಸಾಕು.

ಎರಡು ಡ್ರೈವ್‌ಗಳು ಒಂದೇ ಐ.ಡಿ.ಇ. ಕೇಬಲ್‌ನಲ್ಲಿದ್ದರೆ ಒಂದು ಕ್ಷಣಕ್ಕೆ ಒಂದರಿಂದ ಮಾತ್ರ ಮಾಹಿತಿ ಹರಿಯುತ್ತದೆ. ಆದುದರಿಂದ ಸಿ.ಡಿ.ಯಿಂದ ಸಿ.ಡಿ.ಗೆ ನೇರವಾಗಿ ನಕಲು ಮಾಡದೆ, ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು ಲೇಸು. ಐ.ಡಿ.ಇ. ಪೋರ್ಟ್ ಇಲ್ಲದ ಈಗಿನ ಯಂತ್ರಗಳಲ್ಲಿ ಯು.ಎಸ್.ಬಿ. ಡ್ರೈವ್ ಸುಲಭ ಮಾರ್ಗ. ವಿದ್ಯುತ್ ಸಾಲದೆ ಅದು ನಿಂತು ನಿಂತು ಓಡಿದರೆ ಹಿಂಬದಿಯ ಪೋರ್ಟಿಗೆ ಜೋಡಿಸಬೇಕು.

ಕೊನೆಯದಾಗಿ ಒಂದು ವಿನಂತಿ. ಮಗ್ಗಗಳ ಹತ್ತಿಯ ನೂಲುಧೂಳು, ಅಡತಿ ಅಂಗಡಿಯ ಮಣ್ಣುಧೂಳು ಹಾಗೂ ನಮ್ಮ ಬೇಸಿಗೆ, ಈ ಮೂರೂ ಸಿ.ಡಿ.ಗೂ ಡ್ರೈವಿಗೂ ಶತ್ರುಗಳು. 700 ಎಂ.ಬಿ. ಸಾಮರ್ಥ್ಯದ ಹತ್ತು ಸಿ.ಡಿ.ಗಳ ಮಾಹಿತಿ ಇಂದು 8 ಜಿ.ಬಿ.ಯ ಪೆನ್ ಡ್ರೈವಿನಲ್ಲಿ ಅಡಗುತ್ತದೆ. ಡ್ರೈವ್ ಓದತೊಡಗಿದ ದಿನವೇ ಎಲ್ಲವನ್ನೂ ಎರಡು ಕಡೆ ನಕಲು ಮಾಡಿ, ಒಂದನ್ನು ಅಂಗಡಿಯಲ್ಲಿ, ಇನ್ನೊಂದನ್ನು ಮನೆಯಲ್ಲಿ ಇರಿಸತಕ್ಕದ್ದು. ಇಂದು ಓದಿದ ಸಿ.ಡಿ. ಮುಂದಿನ ವರ್ಷವೂ ಓದೀತೆಂದು ನಂಬಿ ಕೂಡುವುದು ವ್ಯಾಪಾರಸ್ಥರಿಗೆ ತರವಲ್ಲ.